ಘಟ್ಟದ ಕೆಳಗಿನ ಕಾರವಾರ

ಇತಿಹಾಸ, ಭೂಗೋಳಗಳನ್ನು ನಾವು ಬೇರೆ ಬೇರೆಯಾಗಿ ಬಾಯಿಪಾಠ ಮಾಡುತ್ತೇವೆ. ಊರುಗಳ ಬಾಳಿನಲ್ಲಿ ಅವು ಬೇರೆಯಲ್ಲ. ನಮ್ಮ ಕರಾವಳಿಯ ಪುಟ್ಟ ನಗರ ಕಾರವಾರವನ್ನೇ ನೋಡಿ.

ಹುಲಿಹೈದರದ ವಿದ್ಯಾರ್ಥಿ ಭೂಪಟ ಬಿಡಿಸಿ ಪಶ್ಚಿಮಕ್ಕೆ ಬೆರಳು ಎಳೆಯಲಿ. ಕೊಪ್ಪಳ, ಗದಗ, ಹುಬ್ಬಳ್ಳಿಯವರೆಗೆ ಬಯಲು. ಮುಂದೆ ಯಲ್ಲಾಪುರದ ಕಾಡು. ಅರಬೈಲ್ ಘಟ್ಟದಲ್ಲಿ ನೆಲ ಕಡಿದಾಗಿ ಇಳಿಯುತ್ತದೆ. ಕೆಳಗೆ, ಕಾಳಿ ನದಿ ಕಡಲು ಸೇರುವಲ್ಲಿ, ಕಾರವಾರ. ಮೋಡಗಳನ್ನು ಘಟ್ಟ ತಡೆಯುವುದರಿಂದ ಅಲ್ಲಿ ನಮ್ಮ ಸೀಮೆಯ ಸುಮಾರು ಐದು ಪಟ್ಟು ಮಳೆ. ಗುಡ್ಡಗಳೂ ದೇವಗಡ, ಕೂರ್ಮಗಡ ದ್ವೀಪಗಳೂ ಅಲೆಗಳ ಹೊಡೆತ ತಗ್ಗಿಸುವುದರಿಂದ ಹಡಗುಗಳಿಗೆ ಒಳ್ಳೆಯ ಆಸರೆ. 17ನೆಯ ಶತಮಾನದಲ್ಲೇ ಇಂಗ್ಲಿಷ್ ವರ್ತಕರು ಇಲ್ಲಿ ಕೋಠಿ ತೆರೆದು ಮೆಣಸು, ಬಟ್ಟೆ ಕೊಳ್ಳುತ್ತಿದ್ದರು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಅರಳೆಯ ಬರ ಬಂತು. ಅವರ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಅದು ಕುಮಟಾದಿಂದ ಹಡಗೇರುತ್ತಿತ್ತು. ಬಯಲಿನಲ್ಲಿ ಬೆಳೆದರೂ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. ಕಾರವಾರ ಅದಕ್ಕಿಂತ ಸುರಕ್ಷಿತ ಬಂದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಅರಳೆ ಹೇರಿದ ಚಕ್ಕಡಿಗಳು ಘಟ್ಟ ಇಳಿದವು. ರೈಲೂ ಬಂದೀತೆಂಬ ಆಸೆ ಹುಟ್ಟಿತು.

ರೈಲು ಹೋದದ್ದು ಬೇರೆಡೆಗೆ. 1880ರ ದಶಕದ ಕೊನೆಗೆ ಕ್ಯಾಸಲ್ ರಾಕ್ ಮೂಲಕ ಗೋವೆಯ ಮಾರ್ಮಗೋವಾ ಬಂದರಿಗೆ ಹಳಿ ಬಿತ್ತು. ಹತ್ತಿಯೂ ಆ ದಾರಿ ಹಿಡಿಯಿತು. ಕಾರವಾರದ ವ್ಯಾಪಾರ ಸೊರಗಿತು. ಬಂದರಿಗೆ ಏನೂ ಆಗಿರಲಿಲ್ಲ. ಸರಕು ಬರುವ ದಾರಿ ತಪ್ಪಿತ್ತು.

1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡು ಕಾರವಾರ ಮುಂಬಯಿ, ಮಂಗಳೂರುಗಳಿಗೆ ಹತ್ತಿರವಾಯಿತು. ಘಟ್ಟ ಹತ್ತಿ ಬಯಲಿಗೆ ಬರಬೇಕಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ ಮಾತ್ರ ಇನ್ನೂ ಆಗಿಲ್ಲ. ಅದು ಹಾಯಬೇಕಾದದ್ದು ದಟ್ಟ ಕಾಡನ್ನು. ಬಂದರಿಗೆ ರೈಲು ಬೇಕೆನ್ನುವವರ ಮಾತಿನಲ್ಲೂ ಹುರುಳಿದೆ. ಮಳೆ, ಹೊಳೆಗಳನ್ನು ಕಾಯುವ ಕಾಡು ಉಳಿಯಲಿ ಎನ್ನುವವರ ಮಾತಿನಲ್ಲೂ ಹುರುಳಿದೆ. ನಾಳೆ ಇದನ್ನು ತೀರ್ಮಾನಿಸಬೇಕಾದವರು ಇಂದಿನ ವಿದ್ಯಾರ್ಥಿಗಳೇ.

ತಂದೆತಾಯಂದಿರು ಮಕ್ಕಳೊಡನೆ ಕುಳಿತು ಮನೆಯ ಹಿರಿಯರನ್ನು ಒಂದು ಪ್ರಶ್ನೆ ಕೇಳಲಿ: ನಿಮ್ಮ ಕಾಲದಲ್ಲಿ ನಮ್ಮೂರಿನ ಮಾಲು ಯಾವ ಪೇಟೆಗೆ, ಯಾವ ದಾರಿಯಿಂದ ಹೋಗುತ್ತಿತ್ತು? ಆ ದಾರಿ ಈಗ ಏನಾಗಿದೆ? ಅವರು ಹೇಳಿದ್ದನ್ನು ಮಕ್ಕಳು ಬರೆದಿಡಲಿ. ನಮ್ಮೂರಿನ ಇತಿಹಾಸವೂ ಭೂಗೋಳವೂ ಅಲ್ಲಿಂದಲೇ ಶುರು.