ಮನೆಗೆ ಕದವೇಕೆ?

“ತಪ್ಪು ಮಾಡದವನು ಅಂಜುವುದೇಕೆ?” ಎಂದು ಯಾದಗಿರಿ, ಶಹಾಪುರ, ಸುರಪುರಗಳ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಕೇಳುತ್ತಾರೆ. ಈ ವಾದವನ್ನು ನಾನು ಒಪ್ಪಲಾರೆ. ಮನೆಗೆ ಕದವಿರುವುದು ಕದ್ದದ್ದನ್ನು ಬಚ್ಚಿಡಲಿಕ್ಕಲ್ಲ, ಮಾನದಿಂದ ಬಾಳಲಿಕ್ಕೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಯಾವ ತಪ್ಪನ್ನು ಮುಚ್ಚಿಡಬೇಕಾಗಿತ್ತು? 2012ರಲ್ಲಿ, ಎಂಬತ್ತು ದಾಟಿದ ಇಳಿವಯಸ್ಸಿನಲ್ಲಿ, ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಖಾಸಗಿತನವು ಮೂಲಭೂತ ಹಕ್ಕೇ ಅಲ್ಲವೆಂದು ಕೇಂದ್ರ ಸರಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿದರು. 2018ರ ತೀರ್ಪು ಆಧಾರ್ ಅನ್ನು ಉಳಿಸಿತು. ಆದರೆ ಸಿಮ್‌ಗೂ ಬ್ಯಾಂಕ್ ಖಾತೆಗೂ ಅದು ಕಡ್ಡಾಯವೆಂಬುದನ್ನು ರದ್ದುಪಡಿಸಿತು.

ಪುಟ್ಟಸ್ವಾಮಿಯವರು 2024ರಲ್ಲಿ ಕಾಲವಾದರು. ಅವರು ಗಳಿಸಿಕೊಟ್ಟ ಹಕ್ಕು ನಿಮ್ಮದು. ಅಂಗಡಿಯವನು ಬೆರಳಚ್ಚು ಬೇಡಿದಾಗ, ಮಕ್ಕಳೇ, ತರಗತಿಯಲ್ಲಿ ಕೇಳುತ್ತಿದ್ದಂತೆಯೇ “ಏಕೆ?” ಎಂದು ಕೇಳಿರಿ.