ಇಬ್ರಾಹೀಮರು ಮಾತು ಬಿಡಲಿಲ್ಲ

ಬಕ್ರೀದ್ ಆಗಿ ಒಂದು ತಿಂಗಳಿಗೆ ಮೊಹರಂ. ಬಕ್ರೀದ್ ದಿನ ಒಂದೇ ದಸ್ತರ್‌ಖಾನಿನ ಮೇಲೆ ಕೂತು ಉಂಡಿದ್ದ ನನ್ನ ಅಣ್ಣ ಮತ್ತು ದಾದಿ, ಮೊಹರಂ ಹೊತ್ತಿಗೆ ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು.

ಕಾರಣ ಚೋಂಗೆ. ಪ್ರತಿ ಮೊಹರಂಗೆ ದಾದಿ ಚೋಂಗೆ ಮಾಡಿಕೊಂಡು, ಸಕ್ಕರೆ ತೆಗೆದುಕೊಂಡು ಪಂಜಾದ ಹತ್ತಿರ ಹೋಗಿ ಓದಿಸಿಕೊಂಡು ಬರುತ್ತಾರೆ. ಅವರ ತಾಯಿಯೂ ಹೋಗುತ್ತಿದ್ದರಂತೆ. ನಮ್ಮ ಕಡೆ ಹಳ್ಳಿಗಳಲ್ಲಿ ಅಲಾಯಿ ಹಬ್ಬ ಮುಸ್ಲಿಮರದು ಮಾತ್ರ ಅಲ್ಲ ಎನ್ನುವುದು ನಿಮಗೆಲ್ಲ ಗೊತ್ತೇ ಇದೆ. ದಾದಿಯ ಜೊತೆ ಯಾವಾಗಲೂ ಪಕ್ಕದ ಮನೆಯ ಲಿಂಗಾಯತರ ಅಜ್ಜಿಯೂ ಹೋಗುತ್ತಾರೆ.

ಅಣ್ಣ ಎರಡು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ ಈ ವರ್ಷ ಊರಿಗೆ ಬಂದ. ಅಲ್ಲಿ ದರ್ಸ್ ಕೇಳಲು ಹೋಗುತ್ತಿದ್ದನಂತೆ. ಅವನು ಬದಲಾಗಿದ್ದು ಒಳ್ಳೆಯದಕ್ಕೇ ಎಂದು ಮೊದಲು ಹೇಳಿಬಿಡುತ್ತೇನೆ. ಗುಟ್ಕಾ ಬಿಟ್ಟಿದ್ದಾನೆ, ಐದು ಹೊತ್ತಿನ ನಮಾಜು ತಪ್ಪಿಸುವುದಿಲ್ಲ, ಅಬ್ಬಾಗೆ ತಿಂಗಳು ತಿಂಗಳು ದುಡ್ಡು ಕೊಡುತ್ತಾನೆ. ಆದರೆ ಮೊಹರಂ ಚಾಂದ್ ಕಂಡ ರಾತ್ರಿ ದಾದಿ ಬೆಲ್ಲ ತರಲು ಹೇಳಿದಾಗ, ಎಲ್ಲರ ಮುಂದೆ "ಇದು ಶಿರ್ಕ್" ಎಂದುಬಿಟ್ಟ. ದಾದಿ, "ನೀನು ಹುಟ್ಟುವ ಮೊದಲಿನಿಂದ ನಾನು ರೋಜಾ ಇಡುತ್ತಿದ್ದೇನೆ" ಅಂದರು. ಅವನು ಇನ್ನೂ ಏನೇನೋ ಅಂದ. ಅಮ್ಮಿ ಅಡುಗೆಮನೆಯಲ್ಲಿ ಅತ್ತರು. ಅಬ್ಬಾ ಚಪ್ಪಲಿ ಹಾಕಿಕೊಂಡು ಹೊರಗೆ ಹೋದರು. ಜಗಳ ಆದಾಗ ಅವರು ಮಾಡುವುದು ಅಷ್ಟೇ.

ದಾದಿ ಈ ಸಲವೂ ಹೋಗಿ ಬಂದರು. ಅಂದಿನಿಂದ ಅಣ್ಣ ಅವರು ಮಾಡಿದ ರೊಟ್ಟಿ ತಿನ್ನುವುದಿಲ್ಲ. ಅವರು ಕೂತ ಕೋಣೆಯಲ್ಲಿ ಕೂರುವುದಿಲ್ಲ. ಪಕ್ಕದ ಮನೆಯ ಅಜ್ಜಿ ನನ್ನನ್ನು ಕರೆದು, "ಯಾಕವಾ, ನಿಮ್ಮ ಮನ್ಯಾಗ ಈ ಸಲ ಯಾರೂ ನಗಾಂಗಿಲ್ಲಲ್ಲ?" ಎಂದು ಕೇಳಿದಾಗ ಏನು ಹೇಳಬೇಕೋ ತಿಳಿಯಲಿಲ್ಲ.

ಅಣ್ಣನನ್ನು ಕೇಳಿದೆ. ಅವನು ಪ್ರವಾದಿ ಇಬ್ರಾಹೀಮ್ (ಅ) ಅವರ ಉದಾಹರಣೆ ಕೊಟ್ಟ. ಅವರು ಸ್ವಂತ ತಂದೆಯ ಪದ್ಧತಿಯನ್ನೇ ಒಪ್ಪಲಿಲ್ಲ, ದೀನ್ ವಿಷಯದಲ್ಲಿ ನೆಂಟಸ್ತನ ನೋಡಬಾರದು ಎಂದ.

ನಾನು ಕಾಮರ್ಸ್ ವಿದ್ಯಾರ್ಥಿನಿ, ಆಲಿಮಾ ಅಲ್ಲ. ಆದರೆ ಮನೆಯಲ್ಲಿ ಕುರ್‌ಆನಿನ ಉರ್ದು ತರ್ಜುಮಾ ಇದೆ, ನನಗೆ ಓದಲು ಬರುತ್ತದೆ. ಸೂರಃ ಮರ್ಯಮ್ ತೆಗೆದೆ. 42ರಿಂದ 45ರವರೆಗಿನ ಆಯತ್‌ಗಳಲ್ಲಿ ಇಬ್ರಾಹೀಮರು ತಂದೆಯ ಜೊತೆ ಮಾತಾಡುತ್ತಾರೆ. ನಾಲ್ಕು ಆಯತ್, ನಾಲ್ಕೂ ಶುರುವಾಗುವುದು ತಂದೆಯನ್ನು ಪ್ರೀತಿಯಿಂದ ಕರೆಯುವ ಮಾತಿನಿಂದ. ಹೇಳುವ ವಿಷಯ ಕಟುವಾದದ್ದು, ಅದರಲ್ಲಿ ರಾಜಿ ಇಲ್ಲ. ಆದರೂ ಪ್ರತಿ ಸಲ ಮೊದಲು 'ಅಬ್ಬಾ'. ತಂದೆ ಕಲ್ಲಿನಿಂದ ಹೊಡೆಯುತ್ತೇನೆ, ನನ್ನಿಂದ ದೂರ ಹೋಗು ಎನ್ನುತ್ತಾರೆ. ಮಗ ಸಲಾಂ ಹೇಳಿ, ನಿಮಗಾಗಿ ಕ್ಷಮೆ ಬೇಡುತ್ತೇನೆ ಎಂದು ಹೊರಡುತ್ತಾರೆ. ಆ ಮನೆಯಲ್ಲಿ 'ದೂರ ಹೋಗು' ಎಂದವರು ತಂದೆ, ಮಗ ಅಲ್ಲ.

ಅಣ್ಣ ಸುಮ್ಮನಾಗಲಿಲ್ಲ. ಸೂರಃ ತೌಬಾದ 114ನೇ ಆಯತ್ ತೋರಿಸಿದ. ತಂದೆ ಅಲ್ಲಾಹನ ವೈರಿ ಎಂದು ಸ್ಪಷ್ಟವಾದ ಮೇಲೆ ಇಬ್ರಾಹೀಮರು ಅವರಿಂದ ಬೇರೆಯಾದರು ಎಂದು ಅಲ್ಲಿದೆ. ನಿಜ, ಇದೆ. ಅದೇ ಆಯತ್ ಇಬ್ರಾಹೀಮರನ್ನು ಮೃದು ಹೃದಯದವರು, ಸಹನೆಯುಳ್ಳವರು ಎಂದು ಹೇಳಿ ಮುಗಿಯುವುದೂ ನಿಜ. ನಮ್ಮ ದಾದಿ ಯಾರ ಮೇಲೂ ಕಲ್ಲು ಎತ್ತಿದವರಲ್ಲ. ಫಜರ್‌ಗೆ ನಮ್ಮನ್ನೆಲ್ಲ ಎಬ್ಬಿಸುವವರೇ ಅವರು. ಒಂದು ವೇಳೆ ಅವರು ಶಿರ್ಕ್ ಮಾಡು ಎಂದು ಒತ್ತಾಯಿಸಿದರು ಅಂತಲೇ ಇಟ್ಟುಕೊಳ್ಳಿ. ಸೂರಃ ಲುಕ್ಮಾನಿನ 15ನೇ ಆಯತ್ ಅಂಥ ತಂದೆತಾಯಿಯ ಬಗ್ಗೆಯೇ ಇದೆ. ಅದರಲ್ಲಿ ಅವರ ಮಾತು ಕೇಳಬೇಡ, ಆದರೆ ಲೋಕದಲ್ಲಿ ಅವರ ಜೊತೆ ಚೆನ್ನಾಗಿ ಬಾಳು ಎಂದಿದೆ. ಅವರು ಮಾಡಿದ ರೊಟ್ಟಿ ಮುಟ್ಟಬೇಡ ಎಂದು ಎಲ್ಲಿದೆ? "ಹುಡುಗಿ ನೀನು, ನಿನಗೇನು ಗೊತ್ತು" ಎಂದ ಅಣ್ಣ. ಅದು ಉತ್ತರ ಅಲ್ಲ.

ಬಕ್ರೀದ್ ಖುತ್ಬಾದಲ್ಲಿ ಕೇಳುವ ಕಥೆಯಲ್ಲೂ ನಾವು ಒಂದು ಮಾತನ್ನು ಬೇಗ ದಾಟಿಬಿಡುತ್ತೇವೆ. ಕನಸು ಕಂಡ ಇಬ್ರಾಹೀಮರು ನೇರವಾಗಿ ಚೂರಿ ಎತ್ತಲಿಲ್ಲ. ಹೀಗೆ ಕನಸು ಕಂಡೆ, ನಿನಗೆ ಏನನ್ನಿಸುತ್ತದೆ ಎಂದು ಮಗನನ್ನೇ ಕೇಳಿದರು (ಸೂರಃ ಸಾಫ್ಫಾತ್, 102). ಅಲ್ಲಾಹನ ಆಜ್ಞೆ ಬಂದಾಗಲೂ ಮನೆಯ ಸಣ್ಣ ಹುಡುಗನ ಅಭಿಪ್ರಾಯ ಕೇಳಿದ್ದಾರೆ! ನಮ್ಮಲ್ಲಿ ಪಿಯುಸಿಗೆ ಸೈನ್ಸೋ ಕಾಮರ್ಸೋ ಎಂದು ಎಷ್ಟು ಮನೆಗಳಲ್ಲಿ ಕೇಳುತ್ತಾರೆ?

ಯಹೂದಿಯರು, ಕ್ರೈಸ್ತರು ಓದುವ ಗ್ರಂಥದಲ್ಲಿ ಇಬ್ರಾಹೀಮರ ಮನೆಯ ಕಥೆ ಬೇರೆ ರೀತಿಯಲ್ಲಿದೆ. ಅದರಲ್ಲಿ ಮನೆಯ ಜಗಳದಿಂದಾಗಿ ತಾಯಿ ಹಾಜರಾ ಮತ್ತು ಇಸ್ಮಾಯೀಲರನ್ನು ಹೊರಗೆ ಕಳಿಸಲಾಗುತ್ತದೆ. ಆದರೆ ತಂದೆ ತೀರಿಕೊಂಡಾಗ ಇಸ್‌ಹಾಕ್ ಮತ್ತು ಇಸ್ಮಾಯೀಲ್ ಇಬ್ಬರೂ ಸೇರಿ ಹೆಬ್ರಾನಿನ ಗುಹೆಯಲ್ಲಿ ದಫನ್ ಮಾಡಿದರು ಎಂದು ಅದರಲ್ಲೇ ಇದೆ. ದಫನಿಗೆ ಸೇರುವವರು ನಾವೂ ಹೌದು. ಅದಕ್ಕೂ ಮೊದಲು ಸೇರುವುದೇ ಕಷ್ಟ.

ಇದು ಅರಬ್ ದೇಶದ ಮಾತಾಯಿತು ಎನ್ನುವವರು ನಮ್ಮ ಅಣ್ಣಿಗೇರಿಯನ್ನೇ ನೋಡಿ. ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಪಂಪನ ತಂದೆ ಭೀಮಪ್ಪಯ್ಯ ವೈದಿಕ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ ಜೈನ ಧರ್ಮಕ್ಕೆ ಬಂದವರು. ಮಗ 941ರಲ್ಲಿ ಆದಿಪುರಾಣ ಬರೆದ, ಅದು ಹೊಸ ಧರ್ಮದ ಕಾವ್ಯ. ಆದರೆ ವಿಕ್ರಮಾರ್ಜುನ ವಿಜಯದಲ್ಲಿ ತನ್ನ ವಂಶ ಹೇಳುವಾಗ ಯಜ್ಞ ಮಾಡುತ್ತಿದ್ದ ಮಾಧವ ಸೋಮಯಾಜಿಯ ಹೆಸರನ್ನು ಅವನು ಮುಚ್ಚಿಡಲಿಲ್ಲ. ತಂದೆಯ ಆಯ್ಕೆಯೇ ದೊಡ್ಡದು ಎಂದು ಅವನ ಅಭಿಪ್ರಾಯ. ಆದರೂ ಹಿರಿಯರ ಹೆಸರು ಹಿರಿಯರ ಜಾಗದಲ್ಲೇ ಇದೆ.

ನಾನು ದಾದಿಯ ಪಕ್ಷ ವಹಿಸಿದ್ದೇನೆ ಎಂದು ಕೆಲವರಿಗೆ ಅನಿಸಬಹುದು. ಪಂಜಾದ ವಿಷಯದಲ್ಲಿ ನಾನು ಅರ್ಧ ಅಣ್ಣನ ಕಡೆಗೇ ಇದ್ದೇನೆ. ಕಳೆದ ಎರಡು ವರ್ಷದಿಂದ ನಾನೂ ಅಲಾಯಿ ನೋಡಲು ಹೋಗಿಲ್ಲ. ದಾದಿಗೆ ಅದನ್ನು ಹೇಳಿದ್ದೇನೆ, ಅವರು "ನಿನ್ನಿಷ್ಟ" ಎಂದು ಚೋಂಗೆಯ ಒಂದು ತುಂಡು ಕೈಗಿಟ್ಟರು. ನನ್ನ ತಕರಾರು ಮಾತು ಬಿಡುವುದರ ಬಗ್ಗೆ. ನಮ್ಮ ಕ್ಲಾಸಿನಲ್ಲೇ ಮಿಲಾದ್ ಜುಲೂಸಿಗೆ, ಉರುಸಿಗೆ, ಮಾಮುವಿನ ಮದುವೆಯ ಬ್ಯಾಂಡಿಗೆ ಮಾತು ಬಿಟ್ಟ ಮನೆಗಳು ಎಷ್ಟಿವೆ ಎಂದು ನನಗೆ ಗೊತ್ತು. ಮಸಲಾ ಸರಿಯೋ ತಪ್ಪೋ ಆಲಿಮರು ಹೇಳಲಿ. ಮಾತಾಡಲು ಯಾರ ಫತ್ವಾ ಬೇಕು?

ಕಳೆದ ತಿಂಗಳು ದಾದಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ದಿನಕ್ಕೆ ನಾಲ್ಕು ಸಲ ಡ್ರಾಪ್ಸ್ ಹಾಕಬೇಕು. ನಾನು ಹಾಕಿದರೆ ಕೈ ನಡುಗಿ ಕೆನ್ನೆಗೆ ಬೀಳುತ್ತದೆ. ಹಾಗಾಗಿ ಅಣ್ಣ ಹಾಕುತ್ತಾನೆ. ನಮಾಜಿನಿಂದ ಬಂದು, ಕೈ ತೊಳೆದು, ದಾದಿಯ ಗದ್ದ ಎತ್ತಿ ಹಿಡಿಯುತ್ತಾನೆ. ಎರಡು ಹನಿ ಬಿದ್ದ ಮೇಲೆ ದಾದಿ "ಬಸ್" ಎನ್ನುತ್ತಾರೆ. ಅವನು ಬಾಟಲಿ ಮುಚ್ಚಿ ಎದ್ದು ಹೋಗುತ್ತಾನೆ. ಸದ್ಯಕ್ಕೆ ಇಬ್ಬರ ನಡುವೆ ಇರುವ ಮಾತು ಅದೊಂದೇ.