ವೃದ್ಧಾಪ್ಯವನ್ನು ತೂಗುವ ಎರಡು ತಕ್ಕಡಿಗಳು

ವೃದ್ಧಾಪ್ಯವು ಎಲ್ಲರನ್ನೂ ಸಮಾನರನ್ನಾಗಿಸುತ್ತದೆ ಎಂಬ ಮಾತಿದೆ. ಶ್ರೀಮಂತನ ಕೂದಲೂ ನೆರೆಯುತ್ತದೆ, ಬಡವನ ಕೂದಲೂ ನೆರೆಯುತ್ತದೆ. ಆದರೆ ಬದುಕಿನುದ್ದಕ್ಕೂ ಅಸಮಾನವಾಗಿದ್ದ ಸಮಾಜವು ಕೊನೆಗಾಲದಲ್ಲಿ ಮಾತ್ರ ಸಮಾನವಾಗುವುದಕ್ಕೆ ಸಾಧ್ಯವೇ?

2025ರ ಎಪ್ರಿಲ್ 1ರಿಂದ ಜಾರಿಗೆ ಬಂದ ಏಕೀಕೃತ ಪಿಂಚಣಿ ಯೋಜನೆಯು, ಅದನ್ನು ಆಯ್ದುಕೊಂಡು ಕನಿಷ್ಠ ಹತ್ತು ವರ್ಷ ಸೇವೆ ಸಲ್ಲಿಸಿದ ಕೇಂದ್ರ ಸರಕಾರಿ ನೌಕರನಿಗೆ ತಿಂಗಳಿಗೆ 10 ಸಾವಿರ ರೂಪಾಯಿಯ ಖಾತರಿ ನೀಡುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇದೇ ಕೇಂದ್ರ ಸರಕಾರವು 60ರಿಂದ 79ರ ವಯೋಮಾನದ ಬಡ ವೃದ್ಧರ ಪಿಂಚಣಿಗೆ ನೀಡುವ ಪಾಲು ತಿಂಗಳಿಗೆ ಕೇವಲ 200 ರೂಪಾಯಿ. 2006ರಲ್ಲಿ 75ರಿಂದ 200ಕ್ಕೆ ಏರಿದ ಈ ಮೊತ್ತವು ಆ ಬಳಿಕ ಅಲ್ಲಿಯೇ ನಿಂತಿದೆ. 80 ದಾಟಿದವರಿಗೆ 500 ರೂಪಾಯಿ. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಸಿಗುವುದು 1200 ರೂಪಾಯಿ. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಕೊಂಡ ಬಳಿಕ ಇದರಲ್ಲಿ ಉಳಿಯುವುದೆಷ್ಟು?

ಕರಾವಳಿಯ ಬೀಡಿ ಕಟ್ಟುವ ತಾಯಂದಿರನ್ನೇ ನೋಡಿ. ಮಕ್ಕಳ ಶಾಲೆಯ ಶುಲ್ಕ, ಮಗಳ ಮದುವೆ, ಮನೆಯ ಹೆಂಚು ಎಲ್ಲವೂ ಅವರ ಬೆರಳ ತುದಿಯಿಂದಲೇ ಬಂದುವು. ಬೆನ್ನು ಬಾಗಿ, ಕಣ್ಣು ಮಂಜಾದಾಗ ಅವರ ಕೈಗೆ ಏನು ಬಂತು? ಭವಿಷ್ಯ ನಿಧಿಯ ಪಿಂಚಣಿಗೆ 2014ರಲ್ಲಿ ನಿಗದಿಪಡಿಸಿದ ಕನಿಷ್ಠ ಮೊತ್ತ 1000 ರೂಪಾಯಿ. ಹೆಸರು ನೋಂದಣಿಯಾಗದೆ ಕಟ್ಟಿದವರಿಗೆ ಅದೂ ಇಲ್ಲ. ಇನ್ನು, ಸಾಮಾನ್ಯವಾಗಿ ಪತ್ನಿಯು ಪತಿಗಿಂತ ಕಿರಿಯಳು ಮತ್ತು ಹೆಚ್ಚು ಕಾಲ ಬದುಕುವವಳು. ಆದ್ದರಿಂದ ವೈಧವ್ಯದ ದೀರ್ಘ ವರ್ಷಗಳನ್ನು ಸ್ವಂತ ಆದಾಯವಿಲ್ಲದೆ, ಸ್ವಂತ ಹೆಸರಲ್ಲಿ ಮನೆಯಿಲ್ಲದೆ ಕಳೆಯಬೇಕಾದವಳೂ ಅವಳೇ.

ಹಾಗಂತ, ಎಲ್ಲವನ್ನೂ ಸರಕಾರದ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. 2007ರಲ್ಲಿ ಸಂಸತ್ತು ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಕಾನೂನನ್ನೇ ರೂಪಿಸಬೇಕಾಯಿತು. ಮಕ್ಕಳಿಂದ ತಿಂಗಳಿಗೆ 10 ಸಾವಿರ ರೂಪಾಯಿಯವರೆಗೆ ಜೀವನಾಂಶ ಕೊಡಿಸಲು ಅದರಲ್ಲಿ ಅವಕಾಶವಿದೆ. ಹಿರಿಯರನ್ನು ತೊರೆದವರಿಗೆ ಮೂರು ತಿಂಗಳವರೆಗಿನ ಸೆರೆವಾಸವಿದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಮಕ್ಕಳಿಗೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ ಮರಳಿ ಪಡೆಯುವ ಹಕ್ಕಿದೆ. ತಾಯಿಯೋರ್ವರು ಮಗನಿಗೆ ಬರೆದುಕೊಟ್ಟ ದಾನಪತ್ರವನ್ನು 2025ರ ಜನವರಿಯಲ್ಲಿ ಸುಪ್ರೀಮ್ ಕೋರ್ಟ್ ರದ್ದುಪಡಿಸಿದ್ದು ಇದೇ ಕಾನೂನಿನ ಆಧಾರದಲ್ಲಿ. ಹೆತ್ತ ಮಗನ ವಿರುದ್ಧ ತಾಯಿಯೊಬ್ಬಳು ದೇಶದ ಅತ್ಯುನ್ನತ ನ್ಯಾಯಾಲಯದ ತನಕ ಹೋಗಬೇಕಾದುದು ಯಾರ ಸೋಲು?

ನಮ್ಮ ಮನೆಗಳಲ್ಲಿ ಇಂಥದ್ದಿಲ್ಲ ಎಂದು ನಾವು ಸಮಾಧಾನ ಪಟ್ಟುಕೊಳ್ಳುವುದಿದೆ. ಮಗ ಗಲ್ಫ್‌ನಲ್ಲಿದ್ದಾನೆ, ತಿಂಗಳು ತಪ್ಪದೆ ಹಣ ಬರುತ್ತದೆ, ಮನೆಗೆ ಎರಡನೇ ಮಹಡಿಯೂ ಎದ್ದಿದೆ. ಆದರೆ ಆ ಮನೆಯೊಳಗಿನ ವೃದ್ಧ ತಂದೆಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ನೆರೆಮನೆಯ ರಿಕ್ಷಾ ಚಾಲಕ. ಇನ್ನು ಕೆಲವು ಮನೆಗಳಲ್ಲಿ ಎಲ್ಲರೂ ಇದ್ದಾರೆ, ಆದರೆ ಉಮ್ಮನ ಜೊತೆ ಹತ್ತು ನಿಮಿಷ ಕೂರುವವರಿಲ್ಲ. ಹೊಟ್ಟೆ ತುಂಬಿಸಿದೊಡನೆ ಹೊಣೆ ತೀರಿತು ಎಂಬ ಭಾವನೆಯೂ ಒಂದು ಬಗೆಯ ಪರಿತ್ಯಾಗವೇ.

ಹೆತ್ತವರಿಗೆ ಮಕ್ಕಳು ತಮ್ಮ ಝಕಾತ್ ನೀಡುವಂತಿಲ್ಲ ಎಂಬುದು ನಮಗೆಲ್ಲ ತಿಳಿದ ನಿಯಮ. ಇದರ ಅರ್ಥವನ್ನು ನಾವು ಎಷ್ಟು ಮಂದಿ ಯೋಚಿಸಿದ್ದೇವೆ? ಅವರಿಗೆ ಖರ್ಚು ಮಾಡುವ ಹಣವು ದಾನವಲ್ಲ, ಋಣ. ಋಣ ಸಲ್ಲಿಸುವವನು ಉಪಕಾರ ಮಾಡಿದಂತೆ ಮಾತಾಡುವುದಿಲ್ಲ.

ಪ್ರತಿ ಮೊಹಲ್ಲಾದಲ್ಲೂ ಮಸೀದಿಯಿದೆ, ಸಮಿತಿಯಿದೆ, ಯುವಕರ ಸಂಘವಿದೆ. ತಮ್ಮ ವ್ಯಾಪ್ತಿಯಲ್ಲಿ ಒಂಟಿಯಾಗಿರುವ ವೃದ್ಧರೆಷ್ಟು, ಪಿಂಚಣಿಗೆ ಅರ್ಹರಾಗಿಯೂ ಅರ್ಜಿ ಹಾಕದವರೆಷ್ಟು, 70 ದಾಟಿದವರಿಗೆ 2024ರಿಂದ ಲಭ್ಯವಿರುವ ಆಯುಷ್ಮಾನ್ ವಿಮಾ ಕಾರ್ಡನ್ನು ಮಾಡಿಸಿಕೊಳ್ಳದವರೆಷ್ಟು ಎಂಬ ಪಟ್ಟಿಯನ್ನು ತಯಾರಿಸುವುದಕ್ಕೆ ದೊಡ್ಡ ಬಂಡವಾಳವೇನೂ ಬೇಕಿಲ್ಲ. ಜೊತೆಗೆ, 200 ರೂಪಾಯಿಯ ಅವಮಾನವನ್ನು ಕೊನೆಗೊಳಿಸುವಂತೆ ಜನಪ್ರತಿನಿಧಿಗಳನ್ನು ಪ್ರಶ್ನಿಸಬೇಕು. ಇಂದು ನಾವು ಹಿರಿಯರಿಗಾಗಿ ಹಾಕುವ ಚಾಪೆಯ ಮೇಲೆಯೇ ನಾಳೆ ನಾವೂ ಮಲಗಬೇಕಾಗಿದೆ. ಅದು ಹರಿದಿದೆಯೇ ಎಂದು ಈಗಲೇ ನೋಡಿಕೊಳ್ಳುವುದು ಒಳ್ಳೆಯದು.